ಅಪ್ಪನ ಕಾಲು ತುಳಿದವಳು

ನನ್ನ ಮಗಳು ದಿನಾ ಸಂಜೆ ನನ್ನನ್ನು ತುಳಿಯುತ್ತಿದ್ದಳು.

(ಗಾಬರಿ ಬೇಡ. ಕರೆದು ತುಳಿಸಿಕೊಳ್ಳುತ್ತಿದ್ದವನು ನಾನೇ.)

ಪೀಣ್ಯದ ಕಾರ್ಖಾನೆಯೊಂದರಲ್ಲಿ ನನ್ನದು ಇನ್‌ಸ್ಪೆಕ್ಷನ್ ಕೆಲಸ. ಲೇತ್‌ನಿಂದ ಇಳಿದು ಬರುವ ಪಾರ್ಟುಗಳನ್ನು ಗೇಜ್ ಹಿಡಿದು ಅಳೆಯಬೇಕು. ನಮ್ಮ ವಂಶದಲ್ಲಿ ಮೊದಲು ಬಿ.ಎಸ್ಸಿ. ಮುಗಿಸಿದವನು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸೀಮೆಎಣ್ಣೆ ಬುಡ್ಡಿಯ ಹೊಗೆ ಕುಡಿದು ಸಂಪಾದಿಸಿದ್ದು. ಡಿಗ್ರಿ ಮಾಡಿದರೆ ಕೂರಲು ಕುರ್ಚಿ ಸಿಗುತ್ತದೆ ಅಂತ ನಮ್ಮಪ್ಪ ನಂಬಿದ್ದ. ಡಿಗ್ರಿ ಸಿಕ್ಕಿತು. ಕುರ್ಚಿ ಸಿಗಲಿಲ್ಲ. ಶಿಫ್ಟ್ ಪೂರ್ತಿ ನಿಂತೇ ಇರಬೇಕು.

ಸೈಕಲ್ಲಿನಲ್ಲಿ ನಾಗಸಂದ್ರದ ಮನೆ ಸೇರುವ ಹೊತ್ತಿಗೆ ಮೀನಖಂಡ ಕಲ್ಲಾಗಿರುತ್ತದೆ. ಚಾಪೆ ಹಾಸಿ ಬೋರಲು ಮಲಗಿದರೆ, ಎಂಟು ವರ್ಷದ ಮಂಜುಳಾ ಕಿಟಕಿಯ ಸರಳು ಹಿಡಿದುಕೊಂಡು ನನ್ನ ಕಾಲ ಮೇಲೆ ಹತ್ತುತ್ತಿದ್ದಳು. ಹಿಮ್ಮಡಿಯಿಂದ ತೊಡೆಯವರೆಗೆ ಪುಟ್ಟ ಪುಟ್ಟ ಹೆಜ್ಜೆ. ಇಳಿದ ಮೇಲೆ ನನ್ನ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ದೊಡ್ಡವರನ್ನು ತುಳಿದ ಪಾಪ ಕಳೆಯಲು ನಮ್ಮವ್ವ ಮಾಡಿದ ಕಾನೂನು ಅದು.

ಯಾವ ಮುಲಾಮು ಕೊಡುತ್ತದೆ ಸ್ವಾಮಿ ಆ ಸುಖ?

ಇದು ನಮ್ಮ ಮನೆಯ ಹಳೇ ಪದ್ಧತಿ. ಹೊಲ ಉತ್ತು ಬಂದ ನಮ್ಮಪ್ಪನ ಕಾಲನ್ನು ನಾನೂ ತುಳಿದಿದ್ದೇನೆ. ಬಿ.ಎಸ್ಸಿ. ಪಾಸಾದ ದಿನವೂ ಅಪ್ಪ ಚಾಪೆ ಹಾಸಿ ಕರೆದ. "ಬಾರ್ಲಾ, ಬಿ.ಎಸ್ಸಿ. ಕಾಲು ಎಂಗದೆ ನೋಡಾನ." ಹತ್ತಿದೆ. "ಲೇ ಲೇ, ಇಳೀಲಾ! ಇದ್ಯೆ ಬಲು ಭಾರ ಕಣ್ಲಾ!" ಅಂತ ಕೂಗಿಕೊಂಡ. ಮನೆಯೆಲ್ಲ ನಕ್ಕಿತು.

ತುಳಿಸಿಕೊಂಡು ಏಳುವಾಗ ಅಪ್ಪ ಯಾವಾಗಲೂ ಹೇಳುತ್ತಿದ್ದ ಮಾತೊಂದಿತ್ತು. "ನನ್ ನೋವೆಲ್ಲ ನಿನ್ ಕಾಲಿಗೆ ಅತ್ಬುಡ್ತು ನೋಡ್ಲಾ." ಆ ಮಾತನ್ನೂ ನಾನು ಚಾಪೆಯ ಜೊತೆಗೇ ಮಗಳಿಗೆ ದಾಟಿಸಿದ್ದೆ. ಮೊದಮೊದಲು ಅವಳು ಕಿಲಕಿಲ ನಗುತ್ತಿದ್ದಳು. ಈಚೆಗೆ ನಗುತ್ತಿರಲಿಲ್ಲ. ಗಮನಿಸಿದೆನೇ? ಕಣ್ಣು ಮುಚ್ಚಿ ಬೋರಲು ಬಿದ್ದವನಿಗೆ ಏನು ಕಾಣುತ್ತದೆ?

ಹೋದ ವಾರ ಒಂದು ಸಂಜೆ ನನ್ನ ಹೆಂಡತಿ ಜಯಮ್ಮ ಸದ್ದಿಲ್ಲದೆ ಅಡುಗೆಮನೆಗೆ ಕರೆದಳು. ಕದದ ಹಿಂದೆ ಮಂಜುಳಾ ಕೂತಿದ್ದಳು. ಹಳೇ ಸೀರೆಯ ಅಂಚು ಹರಿದು ಎರಡೂ ಮೀನಖಂಡಕ್ಕೆ ಬಿಗಿಯಾಗಿ ಕಟ್ಟಿಕೊಂಡಿದ್ದಳು. ಕೆಳತುಟಿ ಹಲ್ಲಿನಡಿ ಇತ್ತು.

"ಏನೇ ಇದು?"

"ಏನಿಲ್ಲಪ್ಪಾ. ಸುಮ್ನೆ."

ನಮ್ಮವ್ವ ನಡುಮನೆಯಿಂದಲೇ ತೀರ್ಪು ಕೊಟ್ಟಳು: "ಕುಂಟೆಬಿಲ್ಲೆ ಆಡ್ ಆಡಿ ಇಂಗಾಗದೆ. ಅಳ್ಳೆಣ್ಣೆ ಬೆಚ್ಚಗ್ಮಾಡಿ ತಿಕ್ಕಿ, ಓಯ್ತದೆ." ಜಯಮ್ಮನ ಮುಖ ಮಾತ್ರ ಬಿಳಿಚಿಕೊಂಡಿತ್ತು. ಲಗ್ಗೆರೆಯಲ್ಲಿ ಅವಳ ಅಕ್ಕನ ಮನೆಯ ಪಕ್ಕ ಪೋಲಿಯೋದಿಂದ ಒಂದು ಕಾಲು ಸೊರಗಿದ ಮಗುವಿದೆ. "ರೀ, ಅಂಥದ್ದೇನಾದ್ರೂ..." ಅಂದಳು.

ಮಾರನೆಯ ದಿನ ಅರ್ಧ ದಿನ ರಜೆ ಹಾಕಿ ತುಮಕೂರು ರಸ್ತೆಯ ಡಾಕ್ಟರ ಹತ್ತಿರ ಹೋದೆವು, ನಾನು ಮತ್ತು ಮಂಜುಳಾ. ಡಾಕ್ಟರು ಕಾಲು ಒತ್ತಿದರು, ಮಡಚಿದರು, ಒಂಟಿ ಕಾಲಲ್ಲಿ ಕುಪ್ಪಳಿಸಲು ಹೇಳಿ ನೋಡಿದರು. ಊತವಿಲ್ಲ, ಜ್ವರವಿಲ್ಲ.

"ಯಾವಾಗಮ್ಮಾ ನೋಯೋದು?"

"ಅಪ್ಪ ಫ್ಯಾಕ್ಟ್ರಿಯಿಂದ ಬಂದ್ಮೇಲೆ."

ಡಾಕ್ಟರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಏನ್ರೀ, ಹೊಡೀತೀರಾ?"

"ಅಯ್ಯೋ, ಇಲ್ಲ ಸಾರ್!"

"ಹೊಡೆಯಲ್ಲ," ಅಂದಳು ಮಂಜುಳಾ. "ಅಪ್ಪನ ಕಾಲು ತುಳೀತೀನಲ್ಲ, ಅಪ್ಪನ ನೋವು ನನ್ ಕಾಲಿಗೆ ಬಂದ್ಬಿಡತ್ತೆ. ಅಪ್ಪನೇ ಹೇಳಿದ್ದು."

ಡಾಕ್ಟರು ಹೊಟ್ಟೆ ಕುಣಿಸಿ ನಕ್ಕರು. ನನಗೆ ನಗು ಬರಲಿಲ್ಲ.

"ಹಂಗಂದ್ಕೊಂಡೂ ಯಾಕೆ ಪುಟ್ಟಾ ತುಳೀತಿದ್ದೆ?" ಅಂತ ಕೇಳಿದೆ.

"ನೀನು ಬೆಳಿಗ್ಗೆ ಹೋಗಿ ನಿಂತ್ಕೋಬೇಕಲ್ಲ. ನಾನಾದ್ರೆ ಸ್ಕೂಲಲ್ಲಿ ಕೂತ್ಕೋತೀನಿ."

ಇಷ್ಟನ್ನು ಅವಳು ಸುಮಾರು ದಿನಗಳಿಂದ ಲೆಕ್ಕ ಹಾಕಿ ಇಟ್ಟುಕೊಂಡಿದ್ದಳು. ಯಾರಿಗೂ ಹೇಳಿರಲಿಲ್ಲ.

ಡಾಕ್ಟರು ನಗು ನಿಲ್ಲಿಸಿ ನನಗೆ ತಿಳಿಸಿ ಹೇಳಿದರು. "ಬೆಳೆಯೋ ಮಕ್ಕಳಿಗೆ ಇದು ಕಾಮನ್ ಕಣ್ರೀ. ಗ್ರೋಯಿಂಗ್ ಪೇನ್ಸ್ ಅಂತೀವಿ. ಎರಡೂ ಕಾಲು, ಸಂಜೆ ಮೇಲೆ ನೋಯತ್ತೆ. ಬೆಳಿಗ್ಗೆ ಏನೂ ಆಗಿಲ್ಲ ಅನ್ನೋ ಹಾಗೆ ಓಡಾಡ್ತಾರೆ. ಒಂದೇ ಕಾಲು ನೋಯ್ತಾ ಇದ್ರೆ, ಊದ್ಕೊಂಡ್ರೆ, ಕುಂಟಿದ್ರೆ, ಜ್ವರ ಬಂದ್ರೆ ತಡ ಮಾಡದೆ ಕರ್ಕೊಂಡ್ಬನ್ನಿ. ಈಗ ಮೆಲ್ಲಗೆ ತಿಕ್ಕಿ, ಬಿಸಿನೀರಿನ ಶಾಖ ಕೊಡಿ. ತಾನಾಗೇ ಹೋಗತ್ತೆ."

(ಹರಳೆಣ್ಣೆ ಹಚ್ಚಬಹುದೇ ಎಂದು ಕೇಳಿದೆ. "ಧಾರಾಳವಾಗಿ" ಎಂದರು. ಅವ್ವನಿಗೆ ಈ ಸುದ್ದಿ ತಲುಪದಂತೆ ನೋಡಿಕೊಳ್ಳಬೇಕು ಅಂದುಕೊಂಡೆ. ತಲುಪಿತು.)

ವಾಪಸ್ ಬರುವಾಗ ಸೈಕಲ್ಲಿನ ಮುಂದಿನ ಬಾರ್ ಮೇಲೆ ಕೂತ ಮಗಳಿಗೆ ನನ್ನ ಬಿ.ಎಸ್ಸಿ.ಯನ್ನೆಲ್ಲ ಖರ್ಚು ಮಾಡಿದೆ. ಮಾಂಸಖಂಡ, ನರ, ಎಲ್ಲ ವಿವರಿಸಿದೆ. ಒಬ್ಬರ ನೋವು ಇನ್ನೊಬ್ಬರಿಗೆ ಅಂಟುವುದಿಲ್ಲ ಪುಟ್ಟಾ, ಅಪ್ಪ ತಮಾಷೆಗೆ ಹೇಳಿದ್ದು ಅಂದೆ.

"ಅಜ್ಜಿ ಮದ್ರಾಸ್ ಐ ನಂಗೆ ಅಂಟ್ಕೊಂಡಿತ್ತಲ್ಲ?" ಅಂದಳು.

ಏರುದಾರಿ ಬಂತು ಅಂತ ನೆಪ ಮಾಡಿ ಪೆಡಲ್ ಜೋರಾಗಿ ತುಳಿದೆ.

ಯೋಚಿಸಿ ನೋಡಿ. ಮಕ್ಕಳಿಗೆ ನಾವು ಏನೇನು ಹೇಳಿಬಿಡುತ್ತೇವೆ! ಸೀಬೆಹಣ್ಣಿನ ಬೀಜ ನುಂಗಿದರೆ ಹೊಟ್ಟೆಯಲ್ಲಿ ಗಿಡ ಹುಟ್ಟುತ್ತದೆ ಅನ್ನುತ್ತೇವೆ. ನಕ್ಕು ಮರೆಯುತ್ತೇವೆ. ಎಷ್ಟು ಮಕ್ಕಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿದ್ದೆಗೆಟ್ಟಿವೆಯೋ! ನಮಗೆ ಬಾಯಿಮಾತು, ಅವಕ್ಕೆ ವೇದವಾಕ್ಯ. ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ಅಳತೆ ತಪ್ಪಿದರೂ ಪಾರ್ಟನ್ನು ಪಕ್ಕಕ್ಕೆ ಎಸೆಯುವವನು ನಾನು. ಮನೆಗೆ ಬಂದು ಮಗಳ ಮುಂದೆ ಆಡುವ ಮಾತಿಗೆ ಯಾವ ಗೇಜ್ ಹಿಡಿದಿದ್ದೆ?

ಬೆಳೆಯುವ ನೋವು ಹೋಗುತ್ತದೆ ಅಂತ ಡಾಕ್ಟರು ಭರವಸೆ ಕೊಟ್ಟಿದ್ದಾರೆ. ಹೋಗಲಿ. ಆದರೆ ನೋಯುವ ಕಾಲಲ್ಲಿ ಸರಳು ಹಿಡಿದು ನನ್ನ ಮೇಲೆ ಹತ್ತಿದಳಲ್ಲ, 'ಇನ್ನೊಂಚೂರು ತುಳಿಯಮ್ಮಾ' ಅಂತ ನಾನು ಗೋಗರೆದೆನಲ್ಲ, ಆ ಸಂಜೆಗಳನ್ನು ಯಾವ ಎಣ್ಣೆ ಹಚ್ಚಿ ತಿಕ್ಕಲಿ?

ಈಗ ಚಾಪೆಯ ಮೇಲೆ ಅವಳು ಮಲಗುತ್ತಾಳೆ. ನಾನು ಬೆಚ್ಚಗಿನ ಹರಳೆಣ್ಣೆಯ ಬಟ್ಟಲು ಹಿಡಿದು ಕೂರುತ್ತೇನೆ. ಕಿಟಕಿಯ ಸರಳಿನ ಕಡೆ ನೋಡುವುದಿಲ್ಲ. ಮೊನ್ನೆ ಅವಳು ತಲೆಯೆತ್ತಿ ಕೇಳಿದಳು.

"ಅಪ್ಪಾ, ನಿಂಗೆ ಕಾಲು ನೋಯಲ್ವಾ?"

"ಇಲ್ಲಮ್ಮಾ. ಈಗ ನೋಯ್ತಾನೇ ಇಲ್ಲ."

"ನಿಜವಾಗ್ಲೂ?"

"ನಿನ್ನಾಣೆಗೂ," ಅಂದುಬಿಟ್ಟೆ.

ಅವಳು ಎಣ್ಣೆಯಾದ ತನ್ನ ಕಾಲನ್ನು ಮೆಲ್ಲಗೆ ನನ್ನ ಕೈಯಿಂದ ಬಿಡಿಸಿಕೊಂಡಳು.

"ಹಂಗಾದ್ರೆ ನಿನ್ ನೋವು ಈಗ ಯಾರಿಗೆ ಹೋಯ್ತಪ್ಪಾ?"