ಕಾಗವಾಡದಲ್ಲಿ ಲೋಕಾಂತ್ಯ

ಕಾಗವಾಡದ ನನ್ನ ಸಭೆಯವರಿಗೆ ಲೋಕಾಂತ್ಯವೆಂದರೆ ಬಲು ಅಕ್ಕರೆ. ದೇವರ ಕರುಣೆಯನ್ನು ಕುರಿತು ಬೋಧಿಸುವ ಭಾನುವಾರ ಹಿಂದಿನ ಸಾಲಿನಿಂದ ಗೊರಕೆ ಕೇಳಿಬರುತ್ತದೆ. ಪ್ರಳಯದ ಮಾತೆತ್ತಿದ ದಿನ ಎಳೆಗೂಸು ಕೂಡ ಅಳುವುದನ್ನು ನಿಲ್ಲಿಸುತ್ತದೆ. ಮಾಸ್ತರಿಕೆಯನ್ನು ಬಿಟ್ಟು ಪಾದ್ರಿಯಾದ ನನಗೆ ಇದು ಹೊಸದೇನಲ್ಲ. ಪರೀಕ್ಷೆ ಹತ್ತಿರ ಬರುವವರೆಗೆ ಪಾಠವನ್ನು ಯಾರು ಕೇಳುತ್ತಾರೆ?

ಲೋಕವೂ ಪಾಪ, ನನ್ನ ಕಾಲದಲ್ಲಿಯೇ ಹಲವು ಸಲ ಮುಗಿದಿದೆ. ಎಂಟು ಗ್ರಹಗಳು ಒಂದೆಡೆ ಸೇರಿದಾಗ ಒಮ್ಮೆ ಮುಗಿಯಿತು. ಸ್ಕೈಲ್ಯಾಬ್ ಎಂಬ ಅಂತರಿಕ್ಷ ನಿಲ್ದಾಣ ತಲೆಯ ಮೇಲೆ ಬೀಳುತ್ತದೆಂಬ ಸುದ್ದಿ ಬಂದಾಗ, ಸಾಯುವುದಾದರೆ ಉಂಡೇ ಸಾಯೋಣವೆಂದು ನಮ್ಮ ಓಣಿಯವರು ಕೋಳಿಗಳನ್ನೆಲ್ಲ ಕೊಯ್ದರು. ಸ್ಕೈಲ್ಯಾಬ್ ದೂರದ ಯಾವುದೋ ಸೀಮೆಯಲ್ಲಿ ಬಿದ್ದಿತು. ಲೋಕಾಂತ್ಯವಾದದ್ದು ಕೋಳಿಗಳಿಗೆ ಮಾತ್ರ. ಹಿಂದಿನ ಜ್ಞಾನಿಗಳು ಆಕಾಶವನ್ನು ನೋಡಿ ದಾರಿ ಕಂಡುಕೊಂಡರಂತೆ. ನಾವು ಆಕಾಶವನ್ನು ನೋಡಿ ಮಸಾಲೆ ಅರೆದೆವು.

ಇರಾಕಿನ ಸೈನ್ಯ ಕುವೈತನ್ನು ಹೊಕ್ಕ ಆಗಸ್ಟ್ ತಿಂಗಳಲ್ಲಿ ಲೋಕ ಮತ್ತೊಮ್ಮೆ ಮುಗಿಯಲು ಸಿದ್ಧವಾಯಿತು. ಸೊಲ್ಲಾಪುರದ ಕಡೆಯ ಸುವಾರ್ತಿಕನೊಬ್ಬ ನಮ್ಮ ಚರ್ಚಿನ ಮುಂದೆ ಬಟ್ಟೆಯ ನಕಾಶೆಯೊಂದನ್ನು ತೂಗುಹಾಕಿ, ಬೆತ್ತದಿಂದ ತೋರಿಸುತ್ತ, ಅಂತಿಮ ಯುದ್ಧ ಆರಂಭವಾಗಿದೆಯೆಂದೂ ಲೋಕಕ್ಕೆ ಉಳಿದಿರುವುದು ಎರಡೇ ವರ್ಷವೆಂದೂ ಸಾರಿದ. ಹೋಗುವಾಗ, ತನ್ನ ಹೊಸ ಧ್ವನಿವರ್ಧಕಕ್ಕೆ ಐದು ವರ್ಷದ ಗ್ಯಾರಂಟಿ ಇದೆಯೆಂದು ಹೆಮ್ಮೆಯಿಂದ ಹೇಳಿದ.

ನಮ್ಮ ಸಭೆಯ ಹಿರಿಯ ಯಾಕೋಬಪ್ಪ ಗ್ಯಾರಂಟಿಯನ್ನು ಕೇಳಿಸಿಕೊಳ್ಳಲಿಲ್ಲ, ನಕಾಶೆಯನ್ನು ನಂಬಿದ. ಅವನ ಮಗಳು ಎಸ್ತೇರಳಿಗೆ ಮಿರಜದಲ್ಲಿ ನರ್ಸ್ ತರಬೇತಿಗೆ ಸೀಟು ಸಿಕ್ಕಿತ್ತು. ಸೋಮವಾರ ಹಾಜರಾಗದಿದ್ದರೆ ಅದು ಬೇರೆಯವರ ಪಾಲು. ಅಪ್ಪ ಕಳಿಸಲಾರೆನೆಂದು ಕುಳಿತ. ಹುಡುಗಿ ರೊಟ್ಟಿ ಮುಟ್ಟುತ್ತಿಲ್ಲವೆಂದು ಅವಳ ತಾಯಿ ನನ್ನೆದುರು ಬಂದು ಅತ್ತಳು.

ಶನಿವಾರ ನಾನು ಹೋದಾಗ ಯಾಕೋಬಪ್ಪ ಹೊಲದಲ್ಲಿ ಕೂಲಿ ಹೆಂಗಸರಿಂದ ಕಬ್ಬು ನೆಡಿಸುತ್ತಿದ್ದ. ಬುತ್ತಿ ತಂದಿದ್ದ ಎಸ್ತೇರ ಬದುವಿನ ಮೇಲೆ ಮುಖ ಊದಿಸಿಕೊಂಡು ನಿಂತಿದ್ದಳು.

“ಬರ್ರಿ ಪಾದ್ರಿ ಸಾಹೇಬ್ರ. ಇನ್ನೇನ ಉಳದೈತ್ರಿ, ಎಲ್ಲಾ ಮುಗದಂಗ. ಮಗಳು ಮನ್ಯಾಗ ಇರ್ಲಿ, ಎಲ್ಲಾರೂ ಕೂಡೇ ಹೋಗೂಣು,” ಎಂದು ಅವನು ಆಕಾಶಕ್ಕೆ ಕೈ ತೋರಿಸಿದ.

“ಇದೇನ ಹಚ್ಚಾಕತ್ತೀಯೋ ಯಾಕೋಬಪ್ಪಾ?”

“ಅಡಸಾಲಿ ಕಬ್ಬ್ರಿ.”

ಅಡಸಾಲಿಯೆಂದರೆ ಕಟಾವಿಗೆ ಬರಲು ಒಂದೂವರೆ ವರ್ಷ ಹಿಡಿಯುವ ಬೆಳೆ. “ಲೋಕನ ಮುಳಗಾಕತ್ತೈತಿ, ಇದನ್ನ ಕಡಿಯಾವ್ರು ಯಾರು?” ಎಂದೆ.

ದಡ್ಡ ವಿದ್ಯಾರ್ಥಿಯನ್ನು ನೋಡುವಂತೆ ಅವನು ನನ್ನನ್ನು ನೋಡಿದ. “ಅವ್ರು ಎರಡ ವರ್ಸ ಅಂದಾರ್ರಿ. ಕಬ್ಬು ಒಂದೂವರಿ ವರ್ಸಕ್ಕ ಫ್ಯಾಕ್ಟರಿಗೆ ಹೊಕ್ಕೈತಿ. ನರ್ಸಿಂದು ಮೂರ ವರ್ಸ. ಅದೆಲ್ಲಿ ಮುಗೀತೈತ್ರಿ?”

ಇಷ್ಟು ಚೊಕ್ಕವಾದ ತರ್ಕವನ್ನು ನಾನು ಶಾಲೆಯಲ್ಲಿಯೂ ಕಂಡಿರಲಿಲ್ಲ. ಪ್ರಳಯವು ಸಕ್ಕರೆ ಕಾರ್ಖಾನೆಯ ಹಂಗಾಮು ಮುಗಿಯುವವರೆಗೆ ಕಾಯಬೇಕು. ಮಗಳ ಓದಿಗೆ ಮಾತ್ರ ವಾಯಿದೆಯಿಲ್ಲ. ದೇವರ ಗಡಿಯಾರ ಯಾರ ಕೈಯಲ್ಲಿಯೂ ಇಲ್ಲವೆಂದು ನಾನು ಬೋಧನೆಗೆ ತೊಡಗಿದೆ. ಅವನು ಭಕ್ತಿಯಿಂದ ತಲೆದೂಗುತ್ತ, ನಾನು ತುಳಿದಿದ್ದ ಬೀಜದ ಕಬ್ಬನ್ನು ಮೆಲ್ಲಗೆ ಎಳೆದುಕೊಂಡ.

ಆಗ ಎಸ್ತೇರ ಬಾಯಿ ತೆರೆದಳು. “ಅಪ್ಪಾ, ಬೆಂಕಿ ಬೀಳತೈತಿ, ಮಂದಿ ಸುಟ್ಟ ಬೀಳತಾರ ಅಂತ ಅವ್ರು ಹೇಳ್ಯಾರಿಲ್ಲ? ಅವತ್ತ ಪಟ್ಟಿ ಕಟ್ಟಾವ್ರು ಯಾರು? ನೀ ಕಬ್ಬಿನ ಒಣಾ ರವದಿ ಎಲಿ ಕಟ್ಟತೀಯೇನು?”

ಹೆಂಗಸರು ಸಾಲು ಬಿಟ್ಟು ನಕ್ಕರು. “ಕಳಸೋ ಮಾವಾ! ದವಾಖಾನ್ಯಾಗ ಮೊದಲನೇ ಕಾಟ್ ನಿನಗ ಹಿಡಿತಾಳ!” ಎಂದಳು ಒಬ್ಬಾಕೆ.

ಯಾಕೋಬಪ್ಪ ಕೈಯ ಮಣ್ಣನ್ನು ಧೋತರಕ್ಕೆ ಒರೆಸಿಕೊಂಡ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, “ಲೋಕದ್ದಲ್ರಿ ಸಾಹೇಬ್ರ. ಆಕಿ ಹ್ವಾದ್ರ ಮನಿ ಭಣಭಣ ಅಂತೈತ್ರಿ,” ಎಂದ.

ಇರಾಕು, ಕುವೈತು, ಅಂತಿಮ ಯುದ್ಧಗಳನ್ನೆಲ್ಲ ಸುತ್ತಿ ಬಂದದ್ದು ಈ ಒಂದು ವಾಕ್ಯವನ್ನು ಹೇಳುವುದಕ್ಕೆ! ಹೆಚ್ಚಿನ ಭವಿಷ್ಯವಾಣಿಗಳ ಮುಸುಕೆತ್ತಿ ನೋಡಿದರೆ ಒಳಗೆ ಇಂಥವನೇ ಒಬ್ಬ ಅಪ್ಪ ಕುಳಿತಿರುತ್ತಾನೆಂದು ನನ್ನ ಗುಮಾನಿ.

ಸೋಮವಾರ ಅವನೇ ಟ್ರಂಕು ಹೊತ್ತು ಬಸ್‌ಸ್ಟ್ಯಾಂಡಿಗೆ ಬಂದ. ಬಸ್ಸು ಹೊರಟ ಮೇಲೆ ತಲೆಗೆ ಸುತ್ತಿದ್ದ ಪಟಕದ ತುದಿಯಿಂದ ಮೂಗು ಒರೆಸಿಕೊಂಡು, “ಲೋಕ ಮುಳಗೂದಂದ್ರ ಹಿಂಗ ಇರತೈತೇನ್ರಿ ಸಾಹೇಬ್ರ?” ಎಂದು ಕೇಳಿದ. ಮಿರಜಕ್ಕೆ ಇಲ್ಲಿಂದ ಅರ್ಧ ತಾಸಿನ ದಾರಿಯೆಂದು ಹೇಳಲು ಹೊರಟಿದ್ದ ನಾನು, ಬೋಧಕರು ಅಪರೂಪಕ್ಕೆ ಮಾಡುವ ಕೆಲಸವೊಂದನ್ನು ಮಾಡಿದೆ. ಸುಮ್ಮನೆ ನಿಂತೆ.