‘ಕೊಡಬಾರದು’ ಎಂದು ಗೆದ್ದವಳು

“ನುಸುಳಿ ಬಂದವರ ಮಕ್ಕಳಿಗೆ ಪೌರತ್ವ ಯಾಕ ಕೊಡಬಾರದು ಅನ್ನೋದು ಈ ಹುಡುಗಿ ಮಾತು ಕೇಳಿದ ಮ್ಯಾಲ ನನಗ ಪಕ್ಕಾ ಆತು ನೋಡ್ರಿ!” ಎಂದು ಮೈಕಿನಲ್ಲಿ ಗುಡುಗಿ, ಮೊದಲ ಬಹುಮಾನದ ಕಪ್ಪನ್ನು ಅವಳ ಕೈಗಿಟ್ಟೆ. ಗಂಗಾವತಿಯ ಕಾಲೇಜೊಂದರ ಚರ್ಚಾಸ್ಪರ್ಧೆಗೆ ಯಲಬುರ್ಗಾದಿಂದ ನನ್ನನ್ನು ನಿರ್ಣಾಯಕನಾಗಿ ಕರೆಸಿದ್ದರು. ಶಾಲು ಹೊದಿಸಿದ ಹುಮ್ಮಸ್ಸಿನಲ್ಲಿ ದೇಶಪ್ರೇಮದ ಮೇಲೆ ಉದ್ದನೆಯ ಭಾಷಣವನ್ನೂ ಬಿಗಿದೆ.

ಆಮೇಲೆ ಚಹಾ ಕುಡಿಯುತ್ತಿದ್ದಾಗ ಆ ಹುಡುಗಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ಸರ್, ಚೀಟಿ ಎತ್ತಿದಾಗ ನನಗ ‘ಕೊಡಬಾರದು’ ಅಂತ ಬಂತ್ರಿ, ಅದಕ್ಕ ಹಂಗ ಮಾತಾಡಿದೆ. ನಮ್ಮಪ್ಪ, ಅವ್ವ ಕಾಗದಪತ್ರ ಇಲ್ದ ಗಡಿ ದಾಟಿ ಬಂದವರು. ನಾ ಇಲ್ಲೇ ಹುಟ್ಟಿ ಇಲ್ಲೇ ಸಾಲಿ ಕಲತೀನಿ. ಆದ್ರೂ ನನಗ ಪೌರತ್ವ ಇಲ್ರಿ.”

ಬಾಯಲ್ಲಿದ್ದ ಬಿಸಿ ಚಹಾವನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಹೇಗೋ ನುಂಗಿ, “ನಿನ್ನಂಥವರಿಗೆ ಕೊಡಲೇಬೇಕವ್ವಾ” ಎಂದೆ.

“ಹಂಗಾದ್ರ ಅದನ್ನೂ ಮೈಕಿನ್ಯಾಗ ಹೇಳ್ರಿ ಸರ್” ಎಂದಳು. ಅವಳು ನಗುತ್ತಿರಲಿಲ್ಲ.

ತಿರುಗಿ ನೋಡಿದೆ. ಮೈಕಿನವರು ವೈರು ಸುತ್ತುತ್ತಿದ್ದರು. ಜನ ಇನ್ನೂ ಪೂರ್ತಿ ಎದ್ದಿರಲಿಲ್ಲ. ತಡೀರಿ ಅಂದಿದ್ದರೆ ಸಾಕಿತ್ತು. ಆದರೆ ಈ ಮಹಾ ನಿರ್ಣಾಯಕ ಕೈಗಡಿಯಾರ ನೋಡಿಕೊಂಡು, “ಬಸ್ಸಿಗೆ ಹೊತ್ತಾತವ್ವಾ” ಎಂದು ಜಾಗ ಖಾಲಿ ಮಾಡಿದ.

ಈಗ ಮನೆಯಲ್ಲಿ, ಬಸ್ಸಿನಲ್ಲಿ, ಕಟಿಂಗ್ ಅಂಗಡಿಯಲ್ಲಿ, ಇಲ್ಲೇ ಹುಟ್ಟಿದ ಆ ಮಕ್ಕಳು ನಮ್ಮವರೇ ಎಂದು ಯಾರೂ ಕೇಳದಿದ್ದರೂ ವಾದಿಸುತ್ತೇನೆ. ಕೇಳಬೇಕಿದ್ದ ಸಭೆ ಮಾತ್ರ ಅಂದೇ ಎದ್ದುಹೋಯಿತು.