ಲಾಲಸಾಬ ಊಟಕ್ಕೆ ಎದ್ದ ಹೊತ್ತು

ಕುದುರೆಗೆ ಚಹಾಪುಡಿ ತಿನ್ನಿಸಿದ್ದು ನಾನು. ಲಾಲಸಾಬ ಅಲ್ಲ, ರೇಸಿನಲ್ಲಿ ಸೋತ ಹೊಟ್ಟೆಕಿಚ್ಚಿನವರು ಯಾರೂ ಅಲ್ಲ. ನಾನು — ಹುಮನಾಬಾದಿನ ನನ್ನ ಮನೆಯ ಹಿತ್ತಲಲ್ಲಿ, ಹಾಡಹಗಲು, ಈ ಕೈಯಿಂದ. ನಾಲ್ಕನೇ ಇಯತ್ತೆ ಓದಿದವಳು, ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ.

ನನ್ನ ತಮ್ಮ ಶಿವಶರಣ ರೇಸ್ ಕುದುರೆಗಳ ಟ್ರೇನರ್. ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಹೈದರಾಬಾದಿಗೆ ಹೋಗಿ, ಲಾಯದಲ್ಲಿ ಲದ್ದಿ ಬಳಿಯುವುದರಿಂದ ಸುರು ಮಾಡಿದವನು. ಹದಿನೆಂಟು ವರ್ಷ ದುಡಿದ ಮೇಲೆ ಅವನ ಹೆಸರಿಗೆ ಲೈಸೆನ್ಸ್ ಬಂತು. ಆ ಕಾಗದ ಇರುವ ತನಕ ಮಾಲೀಕರು ಕುದುರೆ ಕೊಡುತ್ತಾರೆ. ಹೋದರೆ ಅವನು ಮತ್ತೆ ಲದ್ದಿ ಬಳಿಯುವವನೇ. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ.

ಪುಣೆಯಿಂದ ಹೈದರಾಬಾದಿಗೆ ಲಾರಿಯಲ್ಲಿ ಕುದುರೆ ಒಯ್ಯುವಾಗ ದಾರಿಯಲ್ಲಿ ನನ್ನ ಮನೆಯಲ್ಲಿ ಇಳಿಸಿ ದಣಿವಾರಿಸುತ್ತಿದ್ದ. ಆ ಸಲ ತಂದದ್ದು ಕೆಂದು ಬಣ್ಣದ ಹೆಣ್ಣು ಕುದುರೆ. ತಲೆ ಜೋತುಬಿದ್ದಿತ್ತು, ಪಕ್ಕೆ ಒಳಗೆ ಸೇದಿಕೊಂಡಿತ್ತು. ಮೂರನೇ ದಿನಕ್ಕೆ ಓಡಬೇಕು.

“ಇದೇನೋ, ಓಡೋ ಕುದುರಿನೋ, ಸಂತಿಯಿಂದ ತಿರುಗಿ ಬಂದ ಎಮ್ಮಿನೋ?” ಎಂದೆ.

“ಅಕ್ಕಾ, ಇದರ ಏಳು ತಲಿ ವಂಶಾವಳಿ ಬರದಿಟ್ಟಾರ. ನಿನಗ ನಮ್ಮ ಮುತ್ಯಾನ ಅಪ್ಪನ ಹೆಸರು ಗೊತ್ತದೇನು?” ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ — “ಒಂದ್ ಮಾತು. ನಾ ತಂದ ಹುಲ್ಲು, ನಾ ತಂದ ದಾಣಿ ಬಿಟ್ಟು ಬ್ಯಾರೆ ಏನೂ ಇದರ ಬಾಯಿಗಿ ಹಾಕಬ್ಯಾಡ. ಓಡಿದ ಮ್ಯಾಲ ಉಚ್ಚಿ ಹಿಡದು ತಪಾಸ ಮಾಡ್ತಾರ.”

ಹೂಂ ಎಂದೆ. ಅವನು ದರ್ಶನಕ್ಕೆಂದು ಮಾಣಿಕನಗರಕ್ಕೆ ಹೋದ.

ಕುದುರೆಯ ಹತ್ತಿರ ಕೂತಿದ್ದವನು ಲಾಲಸಾಬ — ಬಸವಕಲ್ಯಾಣದ ಕಡೆಯ ಕೊಹಿನೂರ ಹಳ್ಳಿಯವನು, ತಮ್ಮನ ಕುದುರೆಗಳನ್ನು ಮೊದಲಿನಿಂದಲೂ ನೋಡಿಕೊಂಡವನು. ಕುದುರೆಯನ್ನು ಒಂದು ಗಳಿಗೆಯೂ ಬಿಟ್ಟು ಏಳಬಾರದು ಎಂಬುದು ಅವರ ಕಟ್ಟಳೆ. ಊಟಕ್ಕೆ ಕರೆದರೆ ಏಳಲಿಲ್ಲ. ನಾನೇ ಗದರಿಸಿ ಎಬ್ಬಿಸಿದೆ: “ಏಳೋ, ನಾ ಏನು ಕುದುರಿ ಕದ್ದು ಓಡ್ತೀನೇನು?”

ಅವನು ಒಳಗೆ ಹೋದ. ನಮ್ಮ ಅಪ್ಪ ಕಾರಹುಣ್ಣಿಮೆಗೆ ಎತ್ತು ಓಡಿಸುವ ಮೊದಲು ಉಂಡೆ ತಿನ್ನಿಸುತ್ತಿದ್ದ — ಬೆಲ್ಲ, ಅಜವಾನ, ಒಂದು ಹಿಡಿ ಚಹಾಪುಡಿ. ಅದನ್ನು ತಿಂದ ನಮ್ಮ ಎತ್ತೇ ಪ್ರತಿ ವರ್ಷ ಎಲ್ಲಕ್ಕಿಂತ ಮುಂದೆ ಓಡಿ ಕರಿ ಹರಿಯುತ್ತಿತ್ತು. ತಮ್ಮ ಹೈದರಾಬಾದಿನಲ್ಲಿ ಏನೇ ಕಲಿತಿರಲಿ, ದಣಿದ ಪ್ರಾಣಿಯ ಹೊಟ್ಟೆ ನನಗೆ ತಿಳಿದಷ್ಟು ಅವನಿಗೆ ತಿಳಿಯದು — ಆ ಸೊಕ್ಕು. ಎರಡು ಉಂಡೆ ಮುಂಚೆಯೇ ಕಟ್ಟಿಟ್ಟಿದ್ದೆ. ಎರಡನ್ನೂ ತಿಂದು ಕುದುರೆ ನನ್ನ ಅಂಗೈ ನೆಕ್ಕಿತು. ಲಾಲಸಾಬ ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಕುದುರೆ ಗೆದ್ದಿತು. ಓಣಿಗೆಲ್ಲ ಸಕ್ಕರೆ ಹಂಚಿದೆ.

ಕೆಲವು ದಿನ ಕಳೆದು ತಮ್ಮ ಲಾಲಸಾಬನನ್ನು ಕರೆದುಕೊಂಡು ಬಂದ. ಕುದುರೆಯ ಉಚ್ಚೆಯಲ್ಲಿ ಚಹಾದ ಅಂಶ ಸಿಕ್ಕಿತ್ತು. ತಿನ್ನಿಸಿದವರು ಯಾರೇ ಇರಲಿ, ಹೊಣೆ ಟ್ರೇನರನದು ಎಂದು ಲೈಸೆನ್ಸ್ ಕಸಿದುಕೊಂಡಿದ್ದರು. ತಿನ್ನಿಸಿದವರು ತಾವೇ ಬಂದು ಒಪ್ಪಿಕೊಂಡರೆ ಅವನು ಮೋಸಗಾರ ಎಂಬ ಹೆಸರಾದರೂ ಹೋಗುತ್ತಿತ್ತು. ನನ್ನ ಪಡಸಾಲೆಯಲ್ಲಿ ನಿಂತು ತಮ್ಮ ಲಾಲಸಾಬನನ್ನು ಕೇಳಿದ:

“ಇಲ್ಲಿ ಕುದುರಿ ಬಿಟ್ಟು ಎದ್ದಿದ್ದೇನು?”

“ಇಲ್ರಿ ಸಾಹೇಬ್ರ. ಒಂದ್ ಗಳಿಗಿನೂ ಬಿಟ್ಟಿಲ್ರಿ.”

ಸುಳ್ಳು. ಅದು ಸುಳ್ಳೆಂದು ತಿಳಿದವಳು ನಾನೊಬ್ಬಳೇ. ಬಿಟ್ಟಿದ್ದೆ ಎಂದರೆ ಕೆಲಸ ಹೋದೀತೆಂದು ಹೆದರಿದ್ದ. ಬಿಟ್ಟಿಲ್ಲ ಎಂದದ್ದಕ್ಕೆ —

“ಹಂಗಾರ ನೀನೇ ತಿನ್ನಸೀದಿ,” ಎಂದ ತಮ್ಮ. ನನ್ನ ಕಡೆ ತಿರುಗಿದ. “ಅಕ್ಕಾ, ನೀ ಏನರ ಕೊಟ್ಟಿದ್ದೇನು? ಖರೇ ಹೇಳು.”

“ನಾ ಯಾಕ ಕೊಡ್ಲಿ?”

ಅಷ್ಟೇ ಅಂದದ್ದು. ಲಾಲಸಾಬನನ್ನು ಅಲ್ಲೇ ಕೆಲಸದಿಂದ ಬಿಡಿಸಿದ. ತಮ್ಮನ ಲೈಸೆನ್ಸ್ ಎರಡು ವರ್ಷಕ್ಕೆ ತಿರುಗಿ ಬಂತು, ಕುದುರೆಗಳು ತಿರುಗಿ ಬರಲಿಲ್ಲ. ಇನ್ನೊಬ್ಬರ ಲಾಯದಲ್ಲಿ ಕೈಕೆಳಗೆ ದುಡಿದೇ ತೀರಿಕೊಂಡ. ಕೊನೆಯ ತನಕ ಲಾಲಸಾಬನನ್ನು ಬೈಯುತ್ತಿದ್ದ; ನಾನು ಎದುರು ಕೂತು ಕೇಳುತ್ತಿದ್ದೆ. ಈಗ ಬರೆದದ್ದರಿಂದ ಇಬ್ಬರಿಗೂ ಏನೂ ಸಿಗುವುದಿಲ್ಲ.

ಆದರೆ ನಾನು ಎಂಥವಳೆಂದು ತಿಳಿಯಬೇಕಾದರೆ ಆ ಪಡಸಾಲೆಯ ಮಾತಿನ ಮರುದಿನ ಬೆಳಿಗ್ಗೆ ಮಾಡಿದ್ದನ್ನೂ ಕೇಳಿರಿ. ಲಾಲಸಾಬನನ್ನು ಬಸವಕಲ್ಯಾಣದ ಬಸ್ಸಿಗೆ ಹತ್ತಿಸಲು ನಾನೇ ಹೋದೆ. ಕನಿಕರದಿಂದಲ್ಲ — ಊಟಕ್ಕೆ ಎದ್ದದ್ದನ್ನು ಹೋಗುವ ಮುಂಚೆ ಯಾರ ಮುಂದಾದರೂ ಬಾಯಿಬಿಟ್ಟಾನು ಎಂದು ಕಾವಲಿಗೆ. ಬಸ್ಸಿನ ಮುಂದೆ ನಿಂತು ಅವನು ಕೈ ಮುಗಿದ.

“ಅಕ್ಕಾರ, ನಾ ಉಣ್ಣಾಕ ಎದ್ದು ಹೋಗಿದ್ದು ನೀವು ಸಾಹೇಬ್ರ ಮುಂದ ಹೇಳ್ಲಿಲ್ಲ. ನಿಮ್ಮ ಉಪಕಾರ ಮರಿಯೂದಿಲ್ರಿ.”

ಆಗಲಾದರೂ ಹೇಳಬಹುದಿತ್ತು. ಡ್ರೈವರ್ ಇನ್ನೂ ಬಂದಿರಲಿಲ್ಲ —

ಅವನ ಬಟ್ಟೆಯ ಗಂಟನ್ನು ನಾನೇ ಎತ್ತಿ ಬಸ್ಸಿನೊಳಗೆ ಇಟ್ಟೆ. “ಲಗೂನ ಹತ್ತು,” ಎಂದೆ, “ಕಿಡಕಿ ಕಡೀದು ಸೀಟ ಹಿಡಿ.”